ಎರಡು ಡಬ್ಬಿ ಔಡಲೆಣ್ಣೆ

"ಇದರಾಗಿಂದು ಒಂದು ಪಾವು ಸಾಕು," ಎಂದು ದತ್ತಪ್ಪ ಸೀಸೆಯನ್ನು ಗಾಣದ ಕಟ್ಟೆಯ ಮೇಲಿಟ್ಟ. "ಔಡಲೆಣ್ಣಿಯೊಳಗ ಸುರುವಿ ಅಲುಗಾಡಿಸಿ ಬಿಡು. ನೋಡಿದ್ರ ಯಾರಿಗೂ ತಿಳಿಯಂಗಿಲ್ಲ."

ಮಲ್ಕಮ್ಮ ಸೀಸೆ ಎತ್ತಿ ಬಿಸಿಲಿಗೆ ಹಿಡಿದಳು. ಲಾರಿಗೆ ಹಾಕುವ ಹೊಸ ಎಣ್ಣೆ. ಬಣ್ಣ ಅವಳ ಗಾಣದ ಎಣ್ಣೆಯದೇ.

"ಕೂಡಿಸಿದ್ರ ಏನಾಗತದ?"

"ತಣ್ಣಗಿದ್ದಾಗ ಏನೂ ಆಗೂದಿಲ್ಲ. ಇಂಜಿನ್ ಕಾದ ಮ್ಯಾಲ ಹಾಲು ಒಡದಂಗ ಒಡೀತದ. ಗಸಿ ಕಟ್ಟಿ ಸಣ್ಣ ನಳಿಗಿ ಬಂದ್ ಆಗತದ. ಎಣ್ಣಿ ಸಿಗದ ಪಿಸ್ಟನ್ ಹಿಡಕೊಂಡು ಬಿಡತದ. ಹಿಂದಿನ ಗಾಲಿ ಇದ್ದಲ್ಲೇ ನಿಲ್ಲತದ. ಮ್ಯಾಲ ಕುಂತಾಂವ ನಿಲ್ಲಂಗಿಲ್ಲ."

"ಕುಂತಾವಗ ಮೊದಲೇ ಗೊತ್ತಾಗೂದಿಲ್ಲೇನು, ದತ್ತಣ್ಣ?"

"ಗೊತ್ತಾಗೂದ್ರಾಗ ಮುಗದಿರ್ತದ."

ಅವಳು ತಲೆಯಾಡಿಸಿದಳು.

ಗಾಡಿ ಆಳಂದದ ದೇಶಪಾಂಡೆ ವಾಮನರಾಯನದು. ಎಂಟು ವರ್ಷದ ಹಿಂದೆ ಮುಂಬಯಿಯಲ್ಲಿ ಕೊಂಡು ತಂದ ಇಟಲಿಯ ಮೋಟಾರ್ ಸೈಕಲ್. ಕೆಂಪು ಟಾಂಕಿ, ನೆಲಕ್ಕೆ ಅಡ್ಡ ಮಲಗಿದ ಒಂದೇ ಸಿಲಿಂಡರ್, ಇಂಜಿನ್ನಿನ ಪಕ್ಕಕ್ಕೆ ಬೀಸುಕಲ್ಲಿನಂತೆ ಬಯಲಿನಲ್ಲೇ ತಿರುಗುವ ಉಕ್ಕಿನ ಚಕ್ರ. ಪಂದ್ಯಕ್ಕೆಂದು ಮಾಡಿದ ಇಂಜಿನ್ನಾದ್ದರಿಂದ ಅದಕ್ಕೆ ಔಡಲೆಣ್ಣೆಯೇ ಆಗಬೇಕು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಹುಡುಕಿದರೂ ಔಡಲೆಣ್ಣೆ ಸುಡುವ ಗಾಡಿ ಇನ್ನೊಂದಿಲ್ಲ. ಲಡಾಯಿ ಶುರುವಾಗಿ ಇಟಲಿಯಿಂದ ಸಾಮಾನು ಬರುವುದು ನಿಂತ ಮೇಲೂ ಅದು ಓಡುತ್ತಿದ್ದುದು ದತ್ತಪ್ಪನಿಂದ. ಸವೆದ ಪ್ರತಿ ತುಂಡನ್ನೂ ಅವನು ಅರದಿಂದ ಉಜ್ಜಿ ಹೊಸದಾಗಿ ಮಾಡಿಕೊಡುತ್ತಿದ್ದ.

ಎರಡು ವರ್ಷದ ಹಿಂದೆ ದತ್ತಪ್ಪ ಆ ಉಕ್ಕಿನ ಚಕ್ರ ಒರೆಸುತ್ತ ಕೂತಿದ್ದಾಗ ವಾಮನರಾಯ ತಮಾಷೆಗೆಂದು ಗಾಡಿಯನ್ನು ಒದ್ದು ಶುರು ಮಾಡಿದ್ದ. ಎಡಗೈಯ ಎರಡು ಬೆರಳು ಹೋದವು. "ಅಳಬ್ಯಾಡಲೇ, ಇನ್ನೂ ಎಂಟು ಅವ," ಎಂದು ನಕ್ಕಿದ್ದ. ದತ್ತಪ್ಪನೂ ನಕ್ಕಿದ್ದ. ಮರುದಿನವೇ ಬಟ್ಟೆ ಸುತ್ತಿದ ಕೈಯಲ್ಲಿ ಕೆಲಸಕ್ಕೆ ಬಂದಿದ್ದ. ಅಂದಿನಿಂದ ಅವನು ಕಾಯುತ್ತಿದ್ದ.

ಈ ಚೈತ್ರದಲ್ಲಿ ಮಲ್ಕಮ್ಮನ ಗಂಡ ಚಂದ್ರಾಮ ಪಕ್ಕದೂರು ಮಟಕಿಯ ದಾರಿಯಲ್ಲಿ ಸತ್ತು ಬಿದ್ದಿದ್ದ. ಮಟಮಟ ಮಧ್ಯಾಹ್ನ. ನೋಡಿದವರಿಲ್ಲ. ಎತ್ತು ಹಾಯ್ದಿರಬೇಕೆಂದು ಪೊಲೀಸ್ ಅಮೀನರು ಬರೆದುಕೊಂಡು ಹೋದರು. ಆದರೆ ಮಲ್ಕಮ್ಮ ಓಡಿ ಬಂದಾಗ ಧೂಳಿನಲ್ಲಿ ಔಡಲೆಣ್ಣೆ ಸುಟ್ಟ ಸಿಹಿ ವಾಸನೆ ಇನ್ನೂ ನಿಂತಿತ್ತು.

ನಾಲ್ಕು ತಿಂಗಳ ಮೇಲೆ ದತ್ತಪ್ಪ ತಾನಾಗಿ ಅವಳ ಹತ್ತಿರ ಹೋದ. "ಆ ವಾಸನಿ ಬಿಡೂ ಗಾಡಿ ಒಂದೇ ಅದ. ಅದು ಯಾರದಂತ ನಿನಗೂ ಗೊತ್ತದ, ನನಗೂ ಗೊತ್ತದ." ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವಳು ಮೂರು ದಿನ ಯೋಚಿಸಿದಳು. ನಾಲ್ಕನೆಯ ದಿನ, ಆಗಲಿ ಎಂದಳು.

ಉಪಾಯ ಸರಳವಾಗಿತ್ತು. ದೂರದ ಪಯಣಕ್ಕೆ ಮುಂಚೆ ಇಂಜಿನ್ ತೊಳೆದು, ಒಂದು ಡಬ್ಬಿ ಎಣ್ಣೆ ಹಾಕಿ ದತ್ತಪ್ಪ ಮಟಕಿಯ ತನಕ ಓಡಿಸಿ ಬರಬೇಕು. ಆ ಎಣ್ಣೆ ಸುರಿದು ಎರಡನೆಯ ಡಬ್ಬಿ ತುಂಬಿದ ಮೇಲೆ ವಾಮನರಾಯ ಏರುವುದು ವಾಡಿಕೆ. ಡಬ್ಬಿಗಳ ಬಾಯಿಗೆ ಗಾಣದಲ್ಲೇ ಅರಗು ಹಾಕಿ ಮುಚ್ಚಿ ತರಬೇಕೆಂದು ಅವನ ಕಟ್ಟಪ್ಪಣೆ. ಹಾಗಾಗಿ ಎರಡನೆಯ ಡಬ್ಬಿಗೆ ಬೆರೆಸುವ ಕೈ ಮಲ್ಕಮ್ಮನದೇ ಆಗಬೇಕಿತ್ತು. ನಾಳೆ ಯಾರಾದರೂ ಕೇಳಿದರೆ ಅರಗಿನ ಮೇಲಿರುವುದು ಗಾಣದ ಗುರುತು. ಇದನ್ನು ಮಾತ್ರ ದತ್ತಪ್ಪ ಅವಳಿಗೆ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಲ್ಕಮ್ಮ ಎರಡು ಡಬ್ಬಿ ಹೊತ್ತು ದೇಶಪಾಂಡೆಯ ವಾಡೆಗೆ ಬಂದಳು. ಕಟ್ಟೆಯ ಮೇಲೆ ಕಾಳು ಆರಿಸುತ್ತಿದ್ದ ವಾಮನರಾಯನ ತಾಯಿ ಉಮಾಬಾಯಿ ಮುಖ ಅರಳಿಸಿದರು. "ಬಾರೇ ಮಲ್ಕಮ್ಮ. ನಿನ್ನೆ ಮಾತಿನ ಅರ್ಧಕ್ಕೇ ಎದ್ದು ಹೋದಿ ನೋಡು. ಕೂಡು, ಚಹಾ ಕುಡದು ಹೋಗು."

"ಸಾಕ್ರಿ ಬಾಯಾರ. ನಿನ್ನೆ ಕೇಳಿದ್ದೇ ಹೊಟ್ಟಿ ತುಂಬೇದ."

ವಾಮನರಾಯ ಹೊರಗೆ ಬಂದ. "ಏನಲೇ ಎಂಟು ಬೆರಳಿನವನ, ಸೊಲ್ಲಾಪುರ ಮುಟ್ಟಸ್ತದೇನು ನಿನ್ನ ಗಾಡಿ?"

"ಇವತ್ತು ಎಲ್ಲಿಗೆ ಮುಟ್ಟಸಬೇಕೋ ಅಲ್ಲಿಗೆ ಮುಟ್ಟಸ್ತದ್ರಿ, ಸಾಹೇಬ್ರ."

ಮಲ್ಕಮ್ಮ ಡಬ್ಬಿ ಇಳಿಸಿ ತಗ್ಗಿದ ದನಿಯಲ್ಲಿ ಹೇಳಿದಳು: "ದಾರ ಕಟ್ಟಿದ್ದು ಅವರದು. ಇದು ನಿಂದು, ದತ್ತಣ್ಣ."

ದತ್ತಪ್ಪ ದಾರವಿಲ್ಲದ ಡಬ್ಬಿಯ ಅರಗು ಒಡೆದು ಎಣ್ಣೆ ತುಂಬಿದ. ಎರಡನೆಯ ಒದೆತಕ್ಕೆ ಇಂಜಿನ್ ಎದ್ದಿತು.

"ಜ್ವಾಕಿ," ಎಂದಳು ಮಲ್ಕಮ್ಮ.

ಊರು ದಾಟಿದ ಮೇಲೆ ಅವನು ಗಾಡಿಯನ್ನು ಪೂರ್ತಿ ವೇಗಕ್ಕೆ ಬಿಟ್ಟ. ತೊಗರಿ ಹೊಲಗಳು ಎರಡೂ ಬದಿಗೆ ಹಸಿರು ಗೆರೆಯಾಗಿ ಹರಿದವು. ಇನ್ನೊಂದು ತಾಸಿಗೆ ಇದೇ ಸೀಟಿನ ಮೇಲೆ ವಾಮನರಾಯ ಇರುತ್ತಾನೆ. ಅವನು ಬೀಳುವುದನ್ನು ಕಣ್ಣಾರೆ ನೋಡಲಾಗುವುದಿಲ್ಲವಲ್ಲ ಎಂಬುದೊಂದೇ ಕೊರಗು.

ನಾಲ್ಕನೆಯ ಮೈಲಿಗೆ, ಇಳಿಜಾರಿನಲ್ಲಿ, ಇಂಜಿನ್ನಿನ ದನಿ ದಪ್ಪವಾಯಿತು. ಮೊಣಕಾಲಿಗೆ ಸುಡುವ ಕಾವು ತಾಗಿತು. ಔಡಲೆಣ್ಣೆಯ ಹೊಗೆಯ ಅಡಿಯಲ್ಲಿ ಮತ್ತೊಂದು ವಾಸನೆ. ಅದು ಅವನಿಗೆ ಗೊತ್ತಿದ್ದ ವಾಸನೆ. ಸೀಸೆಯಲ್ಲಿ ಅವನೇ ಒಯ್ದು ಕೊಟ್ಟಿದ್ದ ಎಣ್ಣೆಯದು.

ಡಬ್ಬಿ ಕೈತಪ್ಪಿ ಅದಲು ಬದಲಾಗಿರಲಿಲ್ಲ. ಅವಳಿಂದ ಅಂಥ ತಪ್ಪು ಆಗುವುದಿಲ್ಲ. ಕ್ಲಚ್ಚಿನ ಕಡೆ ಕೈ ಚಾಚುವಷ್ಟರಲ್ಲಿ ಹಿಂದಿನ ಗಾಲಿ ಇದ್ದಲ್ಲೇ ನಿಂತಿತು. ನೆಲ ಮೇಲೆದ್ದು ಬರುವ ಆ ಒಂದು ಗಳಿಗೆಯಲ್ಲಿ, ಮಲ್ಕಮ್ಮ ನಿನ್ನೆ ವಾಡೆಯ ಕಟ್ಟೆಯ ಮೇಲೆ ಕೂತು ಏನು ಕೇಳಿಸಿಕೊಂಡಿದ್ದಳೆಂಬುದು ದತ್ತಪ್ಪನಿಗೆ ಹೊಳೆಯಿತು.

ಚಂದ್ರಾಮ ಸತ್ತ ವಾರವೆಲ್ಲ ವಾಮನರಾಯ ಸೊಲ್ಲಾಪುರದ ದವಾಖಾನೆಯಲ್ಲಿ ಮಲಗಿದ್ದ, ಆಗ ಗಾಡಿ ಏರುತ್ತಿದ್ದವನು ದತ್ತಪ್ಪನೊಬ್ಬನೇ ಎಂದು ಉಮಾಬಾಯಿ ಅವಳಿಗೆ ಹೇಳಿರಲೇಬೇಕು.