ಅರ್ಧ ಸಾಲು

“ಓದಪ್ಪಾ, ನೀನೇ ಓದು,” ಎಂದು ಮಾಧವಿ ಸೈಬರ್ ಸೆಂಟರಿನ ಕುರ್ಚಿಯನ್ನು ಅಪ್ಪನ ಕಡೆ ತಳ್ಳಿದಳು. ಮುಳಬಾಗಿಲಿಗೆಲ್ಲ ಮುಹೂರ್ತ ಇಟ್ಟುಕೊಡುವ ರಾಮಚಂದ್ರಾಚಾರ್ರು ಜನ್ಮದಲ್ಲೇ ಮೊದಲ ಸಲ ಕಂಪ್ಯೂಟರಿನ ಮುಂದೆ ಕೂತರು. ಆರ್ಕುಟ್ ಪುಟದಲ್ಲಿ ಹಿರಿಮಗಳು ಸಂಹಿತಾಳ ಫೋಟೊ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ. ಕೂಡಿಸಿಕೊಂಡು ಓದಿದರು: ‘ಯಾರಾದ್ರೂ ಬಂದಿದ್ದಿದ್ರೆ...’

“ಬಂದಿದ್ದಿದ್ರೆ ಏನಂತೆ? ಮುಗಿಸೇ ಇಲ್ವಲ್ಲೇ!”

“ಈಗೆಲ್ಲಾ ಹಿಂಗೇ ಬರೆಯೋದು. ಪೂರ್ತಿ ಬರೆದ್ರೆ ಭಾವನೂ ಓದ್ತಾರಲ್ಲ. ನಂಗೆ ಕಳಿಸಿರೋದು ನೋಡು. ಹೋದ ವಾರ, ‘ಅಮ್ಮನ ಕೈ ಸಾರು ಇದ್ದಿದ್ರೆ...’ ಮೊನ್ನೆ, ‘ಒಂದ್ಸಲ ಬೀದಿ ನೋಡೋ ಹಂಗಿದ್ದಿದ್ರೆ...’”

ಅದನ್ನೆಲ್ಲ ಕವಿತೆ ಎಂದುಕೊಂಡ ಗೆಳತಿಯರು ಕೆಳಗೆ ‘ಸೂಪರ್ ಕಣೇ’ ಎಂದು ಹೊಗಳಿದ್ದೇ ಹೊಗಳಿದ್ದು. ಮದುವೆಯಾದ ಮೊದಲ ಆಷಾಢ. ಮಗಳು ತವರಿಗೆ ಬರಬೇಕಿತ್ತು. ಕೋಲಾರದ ಅವಳ ಅತ್ತೆ ‘ನಂಗೆ ಹುಷಾರಿಲ್ಲ’ ಎಂದು ಕಳಿಸಿರಲಿಲ್ಲ. ಫೋನು ಮಾಡಿದರೆ ಅವರೇ ಎತ್ತಿ ‘ಮಲಗಿದಾಳೆ’ ಎನ್ನುತ್ತಿದ್ದರು. ಹೋಗಿ ನೋಡಿ ಬಾ ಎಂದು ಮಾಧವಿ ಎಂಟು ದಿನದಿಂದ ಗೋಗರೆದರೂ ಆಚಾರ್ರು, ಆಷಾಢದಲ್ಲಿ ಆ ಹೊಸ್ತಿಲು ತುಳಿಯಬಾರದು ಎಂದು ಕೂತಿದ್ದರು. ಶಾಸ್ತ್ರ ಇದ್ದದ್ದು ಅತ್ತೆ ಅಳಿಯ ಒಂದೇ ಹೊಸ್ತಿಲು ದಾಟಬಾರದು ಎಂದು. ಇವರು ಅದನ್ನು ತಮ್ಮ ಮೈಮೇಲೂ ಎಳೆದುಕೊಂಡಿದ್ದರು, ಎಂಥ ಮಂಕು!

“ಬೀದಿಗೂ ಬಿಡ್ತಿಲ್ವಾ ಅವಳ್ನ?” ಆಚಾರ್ರು ಕುರ್ಚಿ ಬಿಟ್ಟು ಎದ್ದರು. “ನಡಿ, ಬಸ್ಸು ಸಿಗತ್ತೆ.”

“ಅಪ್ಪಾ, ಈಗ ರಾಹುಕಾಲ...”

“ಅದರ ಮನೆ ಹಾಳಾಗ!”

ಕೋಲಾರದ ಮನೆಯ ಜಗಲಿಯಲ್ಲಿ, ಹುಷಾರಿಲ್ಲದ ಅತ್ತೆ ಗುಂಡುಕಲ್ಲಿನಂತೆ ಕೂತು ಅಕ್ಕಿ ಆರಿಸುತ್ತಿದ್ದರು. ಅವರ ಬೆನ್ನ ಹಿಂದೆ ಬಾಗಿಲಿಗೆ ಬೀಗ.

“ಆಷಾಢದಲ್ಲಿ ಬಂದ್ಬಿಟ್ರಲ್ಲಾ ಆಚಾರ್ರೇ!”

“ಸಂಹಿತಾ ಎಲ್ಲಿ?”

“ಒಳಗಿದಾಳೆ. ಬೆಕ್ಕಿನ ಕಾಟ, ಅದಕ್ಕೇ ಬೀಗ. ಮಹಾರಾಯ್ತಿಗೇನು ಕಮ್ಮಿ? ನನ್ನ ಮಗ ಅತ್ಲಾಗೆ ಹೋದ್ರೆ ಸಾಕು, ಅವನ ಕಂಪ್ಯೂಟರ್ ಮುಂದೆ ಕೂತ್ಬಿಡ್ತಾಳೆ.”

“ತೆಗೀರಿ.”

“ಮಗ ಬರ್ಲಿ, ಆಮೇಲೆ...”

“ನೀವು ತೆಗೀತೀರೋ, ನಾನೇ ಒಡೀಲೋ?” ಆಚಾರ್ರ ಅಂಥ ದನಿಯನ್ನು ಮಾಧವಿಯೂ ಕೇಳಿರಲಿಲ್ಲ. ಅತ್ತೆ ಗೊಣಗುತ್ತಲೇ ಸೊಂಟದಿಂದ ಬೀಗದ ಕೈ ತೆಗೆದರು.

ಸಂಹಿತಾ ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು. ಆಚಾರ್ರ ನೋಟ ಅವಳ ಪಾದಕ್ಕೆ ಇಳಿಯಿತು. ಮಡಿ ಮನೆಯ ಒಳಗೇ ಹುಡುಗಿ ಚಪ್ಪಲಿ ಮೆಟ್ಟಿಕೊಂಡಿದ್ದಳು.