ಶಿಬಿರದ ಕೊನೆಯ ಬೆಸಾಂವ್

ಬಸ್ಸಿನಲ್ಲಿ ಯಾರೋ ಕಾಲಡಿಗೆ ಇಟ್ಟಿರುವ ರಬ್ಬರ್ ಶೀಟಿನ ಕಟ್ಟಿನಿಂದ ಹುಳಿ ಹೊಗೆಯ ವಾಸನೆ ಬರುತ್ತಿದೆ. ಆ ವಾಸನೆಗೆ, ಎಷ್ಟೋ ವರ್ಷಗಳ ಮೇಲೆ, ನನ್ನ ತಲೆಯ ಮೇಲೆ ಮತ್ತೆ ಪಪ್ಪನ ಕೈ ಇದ್ದಂತಾಗುತ್ತದೆ.

ಮಡಂತ್ಯಾರಿನ ಇಗರ್ಜಿಯ ಸಭಾಂಗಣದಲ್ಲಿ ಅಂದು ನಮ್ಮಂಥ ಹದಿಹರೆಯದವರಿಗೆ ಎರಡು ದಿನದ ವಿಶ್ವಾಸ ಶಿಬಿರ ನಡೆದಿತ್ತು. ಹೊರಗೆ ಮಳೆ ಸುರಿಯುತ್ತಿತ್ತು ಎನ್ನುತ್ತದೆ ನೆನಪು. ಸುಳ್ಳು. ಡಿಸೆಂಬರಿನಲ್ಲಿ ಮಳೆ ಎಲ್ಲಿಯದು? ಭಾನುವಾರ ಮಧ್ಯಾಹ್ನ ಹೆತ್ತವರು ಬಂದು ಮಕ್ಕಳಿಗೆ ಬೆಸಾಂವ್, ಅಂದರೆ ಆಶೀರ್ವಾದ, ಕೊಡುವುದು ಕೊನೆಯ ಕಾರ್ಯಕ್ರಮವಾಗಿತ್ತು. ಮನೆಯಲ್ಲಿ ದಿನವೂ ಸಂಜೆ ಜಪಮಾಲೆ ಮುಗಿದ ಮೇಲೆ ನಾವು ಅದನ್ನು ಕೇಳುತ್ತಿದ್ದೆವು. ಅಣ್ಣ ಲ್ಯಾನ್ಸಿ ಹೊಳೆಯಲ್ಲಿ ಮುಳುಗಿ ಸತ್ತ ಮೇಲೆ ಪಪ್ಪ ಜಪಕ್ಕೆ ಕೂರುವುದನ್ನೇ ಬಿಟ್ಟರು. ನನ್ನ ತಲೆ ಮುಟ್ಟುವುದನ್ನೂ.

“ನಿನ್ನ ಪಪ್ಪ ಬರುದಿಲ್ಲ ಮಾರಾಯ. ನನ್ನ ಪಪ್ಪನನ್ನೇ ಹಂಚಿಕೊಳ್ಳುವ, ಅವರಿಗೆ ಎರಡು ಕೈ ಉಂಟಲ್ಲ!” ಎಂದ ಪಕ್ಕದಲ್ಲಿ ಮೊಣಕಾಲೂರಿದ್ದ ಗೆಳೆಯ ವಿಲ್ಲಿ. ನಾನು ನಕ್ಕೆ. ಬಾಗಿಲಿನಿಂದ ಕಣ್ಣು ಮಾತ್ರ ತೆಗೆಯಲಿಲ್ಲ.

ಪಪ್ಪ ಬಂದರು. ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನಿಂದ ನೇರವಾಗಿ, ಕಲೆಯಾದ ಕೆಲಸದ ಅಂಗಿಯಲ್ಲೇ. ಹಿಂದೆ ಮಮ್ಮಿ.

“ಬೆಸಾಂವ್ ಕೊಡಿ ಪಪ್ಪ,” ಎಂದೆ.

“ಕೈ ಇಡಿ, ಎಲ್ಲರೂ ನೋಡ್ತಾ ಇದ್ದಾರೆ,” ಎಂದು ಮಮ್ಮಿ ಪಿಸುಗುಟ್ಟಿದಳು.

ಪಪ್ಪನ ಕೈ ತುಂಬ ಹೊತ್ತು ಗಾಳಿಯಲ್ಲೇ ನಿಂತಿತ್ತು. ಆ ಹೊತ್ತನ್ನು ಆಮೇಲೆ ನಾನೇ ಎಳೆದು ಉದ್ದ ಮಾಡಿರಲೂಬಹುದು. ಕೊನೆಗೆ ಒರಟು ಅಂಗೈ ನೆತ್ತಿಗೆ ತಾಗಿತು.

“ದೇವರು ನಿನ್ನನ್ನು ಕಾಯಲಿ, ಲ್ಯಾನ್ಸಿ.”

ತಿದ್ದಲೆಂದು ಮಮ್ಮಿ ಬಾಯಿ ತೆರೆದಳು. ಅವಳಿಗಿಂತ ಮೊದಲೇ ನಾನು “ಆಮೆನ್” ಎಂದೆ.