ಗುಡುಗು ಮಹದೇವುವಿನ ಎದೆ ಅಳತೆ

ಗುಡುಗು ಮಹದೇವು ಇಳಿದ ಕೂಡಲೇ ಟಾಂಗಾ ಹಗುರಾಗಿ ಒಂದು ಗೇಣು ಮೇಲೆದ್ದಿತು. ಮಂಡಿ ಮೊಹಲ್ಲಾದ ಆ ಸಂದಿಯಲ್ಲಿ ಬೆಳಗಿನಿಂದ ಕಾದಿದ್ದ ಜನ ಎರಡು ಹೆಜ್ಜೆ ಹಿಂದೆ ಸರಿದರು. ಕುಸ್ತಿ ನೋಡಿ ಬೆಳೆದ ಮಂದಿಗೆ ಪೈಲ್ವಾನರೇನೂ ಹೊಸಬರಲ್ಲ. ಆದರೆ ಒಂದೇ ಗುದ್ದಿಗೆ ಆಳನ್ನು ಮಲಗಿಸುವ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ನನ್ನು ಇಷ್ಟು ಹತ್ತಿರದಿಂದ ಯಾರು ಕಂಡಿದ್ದರು?

"ಅಯ್ಯಯ್ಯಪ್ಪ, ಕತ್ತು ನೋಡ್ಲಾ!" ಎಂದ ಒಬ್ಬ.

"ಕತ್ತೆಲ್ಲೈತೆ? ತಲೆ ಸೀದಾ ಭುಜದ ಮೇಲೇ ಕುಂತದೆ" ಎಂದ ಇನ್ನೊಬ್ಬ.

ಚಾಂಪಿಯನ್ ಯಾರ ಕಡೆಗೂ ನೋಡದೆ, ಹುಬ್ಬು ಗಂಟಿಕ್ಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ದರ್ಜಿ ನಿಂಗಯ್ಯನ ಅಂಗಡಿಯೊಳಕ್ಕೆ ತಲೆ ಬಗ್ಗಿಸಿ ನುಗ್ಗಿದ. ಅವನು ಆ ಕಡೆ ತಿರುಗಿದ್ದೇ ತಡ, ಒಬ್ಬ ಆ ಚಪ್ಪಲಿಯೊಳಗೆ ತನ್ನ ಕಾಲಿಟ್ಟು ನೋಡಿದ. ಹಿಂದೆ ಇನ್ನೂ ನಾಲ್ಕು ಬೆರಳು ಜಾಗ ಉಳಿಯಿತು.

ಒಳಗೆ ನಿಂಗಯ್ಯ ಅಳತೆ ಟೇಪನ್ನು ಮೂರನೇ ಸಲ ಬಿಚ್ಚಿ ಸುತ್ತುತ್ತಿದ್ದ. ಭಾನುವಾರ ಟೌನ್‌ಹಾಲ್ ಮೈದಾನದ ಪಂದ್ಯಕ್ಕೆ ಚಾಂಪಿಯನ್ ಹೊದ್ದು ಬರುವ ಕೆಂಪು ನಿಲುವಂಗಿಯನ್ನು ಹೊಲಿಯುವುದೆಂದರೆ ಸಾಮಾನ್ಯವೇ? ಅದಕ್ಕಿಂತ ದೊಡ್ಡ ಕುತೂಹಲ ಇನ್ನೊಂದಿತ್ತು. ಊರ ತುಂಬ ಅಂಟಿಸಿದ್ದ ಪೋಸ್ಟರಿನಲ್ಲಿ 'ಎದೆ ಐವತ್ತೆರಡು ಇಂಚು' ಎಂದು ಅಚ್ಚಾಗಿತ್ತು. ನಿಜವೋ ಬುರುಡೆಯೋ ಎಂದು ಮೂರು ದಿನದಿಂದ ಟೀ ಅಂಗಡಿಗಳಲ್ಲಿ ಜಗಳ. ಕೊನೆಗೆ "ನಿಂಗಯ್ಯ ಕೂಗ್ಲಿ, ಒಪ್ಕತೀವಿ" ಎಂದು ಎರಡು ಕಡೆಯವರೂ ರಾಜಿಯಾಗಿದ್ದರು. ಅಳತೆಯನ್ನು ಬೀದಿಗೆ ಕೇಳುವಂತೆ ಕೂಗಿ ಹೇಳುವುದು ನಿಂಗಯ್ಯನ ಪದ್ಧತಿ. ಪಕ್ಕದಲ್ಲಿ ನಿಂತು ಪುಸ್ತಕದಲ್ಲಿ ಬರೆದುಕೊಳ್ಳುವುದು ಗುಂಡಿಗೆ ಕಾಜಾ ಹೊಲಿಯುವ ಚೆಲುವರಾಜುವಿನ ಕೆಲಸ. ಇಪ್ಪತ್ತು ವರ್ಷದಲ್ಲಿ ನಿಂಗಯ್ಯ ಕಾಲಿಂಚು ಸುಳ್ಳು ಕೂಗಿದವನಲ್ಲ. ಅವನಿಗಿದ್ದ ಜಂಬ ಅದೊಂದೇ.

ಚೆಲುವರಾಜುವಿಗೆ ವಯಸ್ಸು ಮೂವತ್ತು ದಾಟಿದ್ದರೂ ಮಹದೇವುವಿನ ಹುಚ್ಚು ಬಿಟ್ಟಿರಲಿಲ್ಲ. ಪೇಪರಿನಲ್ಲಿ ಬಂದ ಅವನ ಚಿತ್ರವನ್ನೆಲ್ಲ ಕತ್ತರಿಸಿ ಮಿಷನ್ ಮೇಲಿನ ಗೋಡೆಗೆ ಅಂಟಿಸಿದ್ದ. ಈಗ ಅಳತೆ ತೆಗೆಯುವ ಮೂಲೆಯ ಪರದೆಯೊಳಗೆ, ಸಾಕ್ಷಾತ್ ದೇವರ ಪಕ್ಕದಲ್ಲಿ, ಪೆನ್ಸಿಲ್ ಹಿಡಿದು ಬಾಯಿ ತೆರೆದುಕೊಂಡು ನಿಂತಿದ್ದ.

ಉದ್ದ ಆಯಿತು, ತೋಳು ಆಯಿತು. ಭುಜಕ್ಕೆ ನಿಂಗಯ್ಯ ಸ್ಟೂಲು ಹತ್ತಬೇಕಾಯಿತು. ಎದೆಗೆ ಟೇಪು ಸುತ್ತಿದ. ನಲವತ್ತೇಳು! ಅದೂ ಉಸಿರು ಹಿಡಿದುಕೊಂಡು. ಎದೆ ಅಳತೆಗೆ ನಿಂತ ಯಾವ ಗಂಡಸು ಉಸಿರು ಬಿಟ್ಟಾನು? ಜವಾನನಿಂದ ಅಮಲ್ದಾರರವರೆಗೆ ಎಲ್ಲರೂ ಉಬ್ಬಿಸುವವರೇ. ಅದಕ್ಕೆ ನಿಂಗಯ್ಯನ ಹತ್ತಿರ ಹಳೆಯ ಉಪಾಯವಿತ್ತು. ಏನಾದರೂ ಕೇಳಿ ಬಾಯಿ ಬಿಡಿಸುವುದು.

"ಊಟ ಆಯ್ತಾ ಸ್ವಾಮಿ?"

"ಎಲ್ಲಿ ಊಟ ಮಾಸ್ಟ್ರೇ" ಎಂದ ಮಹದೇವು, ನಿಂಗಯ್ಯನ ಕಿವಿಗಷ್ಟೇ ಬೀಳುವಷ್ಟು ಮೆಲ್ಲಗೆ. "ಕಾಮಾಲೆ ಬಂದು ಮೂರು ತಿಂಗಳು ಮಲಗಿಸ್ಬಿಡ್ತು. ಇನ್ನೂ ಗಂಜಿ, ಮಜ್ಜಿಗೆ ಅಷ್ಟೇ. ಹಳೇ ನಿಲುವಂಗಿ ಮೈಮೇಲೆ ಜೋಲಾಡ್ತದೆ. ಅದಕ್ಕೇ ಇದು."

ಟೇಪು ಸಡಿಲವಾಯಿತು. ನಿಂಗಯ್ಯ ಎಳೆದು ಸರಿಮಾಡಿದ. ನಲವತ್ತನಾಲ್ಕು.

"ಎಷ್ಟದೆ ಅಂತ ನಂಗೊತ್ತು ಮಾಸ್ಟ್ರೇ." ಮಹದೇವುವಿನ ಹಣೆ ಬೆವೆತಿತ್ತು. "ಭಾನುವಾರ ಎದುರಿಗೆ ಬರೋನು ಎಳೇ ಹೋರಿ ಇದ್ದಂಗವ್ನೆ. ನನ್ನ ಹೆಸರಿಗೆ ಹೆದರಿದ್ರೆ ಮಾತ್ರ ನಾನು ನಾಲ್ಕು ರೌಂಡು ನಿಂತೇನು. ಇದು ಊರಿಗೆ ತಿಳಿದ್ರೆ ಮುಗೀತು. ದಮ್ಮಯ್ಯ ಅಂತೀನಿ, ಕೂಗ್ಬೇಡಿ."

ಕೂಗದೆ ಸುಮ್ಮನಿದ್ದರೂ ಊರಿಗೆ ತಿಳಿದುಹೋಗುತ್ತಿತ್ತು. ಹೊರಗಿನಿಂದ ಆಗಲೇ "ಯಾಕಣ್ಣೋ ನಿಂಗಯ್ಯಣ್ಣೋ, ಬಾಯಿ ಬಿದ್ದೋಯ್ತಾ?" ಎಂದು ಗದ್ದಲ ಶುರುವಾಗಿತ್ತು. ನಿಂಗಯ್ಯ ತಲೆಯೆತ್ತಿ ಚಾಂಪಿಯನ್ನನ ಮುಖ ನೋಡಿದ. ಇವನ ಎದುರು ಹೇಗೆ ನಿಲ್ಲುವುದೋ ಎಂದು ಮೂರು ದಿನದಿಂದ ಹೆದರಿದ್ದವನು ತಾನು. ಈಗ ನೋಡಿದರೆ ಇವನೇ ತನ್ನ ಟೇಪಿಗೆ ಹೆದರಿ ನಿಂತಿದ್ದಾನೆ! ನಿಂಗಯ್ಯ ಓರೆಗಣ್ಣಿನಲ್ಲಿ ಚೆಲುವರಾಜುವನ್ನು ನೋಡಿದ. ಅವನ ಕಣ್ಣು ಚಾಂಪಿಯನ್ನನ ಮುಖದ ಮೇಲೇ ನೆಟ್ಟಿತ್ತು. ಸದ್ಯ, ಟೇಪಿನ ಕಡೆ ನೋಡಿಲ್ಲ ಎಂದುಕೊಂಡು ಗಂಟಲು ಸರಿಮಾಡಿಕೊಂಡ.

"ಎದೆ... ಐವತ್ತೆರಡು!"

ಬೀದಿಯೆಲ್ಲ ಹೋ ಎಂದಿತು. ಶಿಳ್ಳೆ, ಚಪ್ಪಾಳೆ. ಚೆಲುವರಾಜು ಪೆನ್ಸಿಲನ್ನು ನಾಲಿಗೆಗೆ ಮುಟ್ಟಿಸಿ, ತಲೆ ಬಗ್ಗಿಸಿ ಬರೆದುಕೊಂಡ. ಮಹದೇವು ನಿಂಗಯ್ಯನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಆಮೇಲೆ ಮತ್ತೆ ಹುಬ್ಬು ಗಂಟಿಕ್ಕಿಕೊಂಡು ಹೊರಗೆ ಹೋದ. ಈ ಸಲ ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು.

ಟಾಂಗಾ ಹೊರಟಿತು. ಅದರ ಹಿಂದೆಯೇ ಚೆಲುವರಾಜುವೂ ಬೀದಿಗೆ ಓಡಿದ. ನಿಂಗಯ್ಯ ಅಳತೆಯ ಪುಸ್ತಕವನ್ನು ಎಳೆದುಕೊಂಡ. ಐವತ್ತೆರಡಕ್ಕೆ ಬಟ್ಟೆ ಕತ್ತರಿಸಿದರೆ ಈ ನಿಲುವಂಗಿಯೂ ಜೋಲಾಡುತ್ತದೆ. ಚೆಲುವರಾಜು ಬರುವುದರೊಳಗೆ ಅಳಿಸಿ ತಿದ್ದಿಬಿಡಬೇಕು. ಪಾಪ, ಅವನಿಗೆ ಗೊತ್ತಾದರೆ ಎದೆ ಒಡೆದುಹೋದೀತು. ರಬ್ಬರು ಹುಡುಕಿ, ಕನ್ನಡಕ ಏರಿಸಿ, ಪುಟ ತೆಗೆದ.

ತಿದ್ದುವುದಕ್ಕೆ ಏನೂ ಇರಲಿಲ್ಲ. ಚೆಲುವರಾಜುವಿನ ದುಂಡು ಕೈಬರಹದಲ್ಲಿ, ಸ್ಪಷ್ಟವಾಗಿ, 'ಎದೆ 44' ಎಂದಿತ್ತು.

ಹೊರಗೆ ಅವನು ಗಂಟಲು ಹರಿಯುವಂತೆ ಕೂಗುತ್ತಿದ್ದ: "ನಾನೇ ಕಣ್ರಲಾ ಬರ್ದದ್ದು! ಇದೇ ಕೈಯಲ್ಲಿ ಬರ್ದಿವ್ನಿ, ಐವತ್ತೆರಡು!"